ಬಿಸಿಲು ಯಾವುದು, ಭಾರ ಯಾವುದು

ನಾನು ನೌಕರಿ ಮಾಡಿದ್ದು ಸೇತುವೆಗಳ ತಪಾಸಣೆಯಲ್ಲಿ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳ ಹೊಳೆಗಳ ಮೇಲಿನ ಸೇತುವೆಗಳ ಕೆಳಗೆ ನಾನು ನಿಂತಷ್ಟು ಹೊತ್ತು ನನ್ನ ಮನೆಯ ಅಡುಗೆಮನೆಯಲ್ಲಿ ನಿಂತಿಲ್ಲ ಎಂದು ನನ್ನ ಯಜಮಾನರು ಈಗಲೂ ಆಡಿಕೊಳ್ಳುತ್ತಾರೆ. ನಿವೃತ್ತಿಯಾದ ಮೇಲೆ ಆಳಂದಕ್ಕೆ ಬಂದು ನೆಲೆಸಿದ್ದೇವೆ. ಇಲಾಖೆಗೆ ಹೊಸದಾಗಿ ಸೇರಿದ ಎಂಜಿನಿಯರುಗಳು ಆಗಾಗ ಫೋನು ಮಾಡಿ, ನಿಮ್ಮ ಅನುಭವದ ನಾಲ್ಕು ಮಾತು ಹೇಳಿ ಮೇಡಂ ಅನ್ನುತ್ತಾರೆ. ಅವರಿಗೆ ಬೇಕಾಗಿರುವುದು ಖಚಿತವಾದ ಮಾತು. ನನ್ನ ಹತ್ತಿರ ಇರುವುದು ಹೆಚ್ಚಾಗಿ ಗೊಂದಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಗೊಂದಲದಲ್ಲಿ ಇರುವುದೂ ಈ ಕೆಲಸದ ಒಂದು ಭಾಗ ಎಂದು ನಾನು ಸೇರಿದಾಗ ಯಾರೂ ಹೇಳಿರಲಿಲ್ಲ.

ಯಾವ ಹುದ್ದೆ ಯಾವಾಗ ಬಂತು ಎಂಬುದನ್ನು ಬಿಟ್ಟುಬಿಡುತ್ತೇನೆ. ಅದರಿಂದ ಯಾರಿಗೂ ಉಪಯೋಗವಿಲ್ಲ.

ನನ್ನ ಮೊದಲ ಮೇಲಧಿಕಾರಿ ಗುರುಲಿಂಗಪ್ಪ ಸಾಹೇಬರು. ಬಿಳಿ ಪ್ಯಾಂಟಿನ ಮೇಲೆ ಸಿಮೆಂಟಿನ ಕಲೆ ಇಲ್ಲದೆ ಅವರನ್ನು ನಾನು ನೋಡಿಯೇ ಇಲ್ಲ. ಆಗೆಲ್ಲ ಬಿರುಕು ಬೆಳೆಯುತ್ತಿದೆಯೋ ಇಲ್ಲವೋ ಎಂದು ನೋಡಲು ಒಂದು ಸರಳ ಉಪಾಯವಿತ್ತು. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನಿಟ್ಟು ಎರಡೂ ತುದಿಗೆ ಸಿಮೆಂಟು ಮೆತ್ತಿ ಬರುವುದು. ಕೆಲವು ವಾರ ಬಿಟ್ಟು ಹೋಗಿ ನೋಡಿದಾಗ ಗಾಜು ಒಡೆದಿದ್ದರೆ ಬಿರುಕು ಬೆಳೆದಿದೆ ಎಂದು ಲೆಕ್ಕ. ಭೂಸನೂರಿನ ಕಡೆ ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುವ ಒಂದು ಹಳ್ಳದ ಸೇತುವೆಗೆ ನಾನು ಹೀಗೆ ಗಾಜು ಮೆತ್ತಿ ಬಂದೆ. ಮತ್ತೆ ಹೋಗಿ ನೋಡಿದರೆ ಒಂದು ಕಡೆಯ ಗಾಜೆಲ್ಲ ಒಡೆದಿತ್ತು. ನಾನು ಬೆವರು ಸುರಿಸುತ್ತ ಕಚೇರಿಗೆ ಓಡಿದೆ. ಸಾಹೇಬರು ಗಾಬರಿಯಾಗಲಿಲ್ಲ. ಜೀಪಿನಲ್ಲಿ ಬಂದು, ಸೇತುವೆಯ ಸುತ್ತ ಒಂದು ಸಲ ಸುತ್ತಿ, ನನ್ನನ್ನು ಕರೆದು ಪಡುವಣದ ಕಡೆ ನಿಲ್ಲಿಸಿದರು. ಒಡೆದ ಗಾಜೆಲ್ಲ ಇಳಿಬಿಸಿಲು ಬೀಳುವ ಆ ಮುಖದಲ್ಲೇ ಇತ್ತು. ನೆರಳಿನ ಕಡೆಯ ಒಂದು ಗಾಜೂ ಒಡೆದಿರಲಿಲ್ಲ. ಬಿಸಿಲಿಗೆ ಸಿಮೆಂಟು ಬೇಗ ಒಣಗಿ, ಸೆಟೆದು, ಗಾಜನ್ನು ಎಳೆದು ಮುರಿದಿತ್ತು. ಬಿರುಕು ಇದ್ದಷ್ಟೇ ಇತ್ತು.

“ಮೊದ್ಲು ಬಿಸಿಲು ಎಲ್ಲಿಂದ ಬೀಳ್ತದ ನೋಡವ್ವ. ಆಮ್ಯಾಲ ಬಿರುಕು ನೋಡು” ಅಂದರು.

ಈ ಮಾತು ನನಗೆ ಬಹಳ ವರ್ಷ ಉಪಯೋಗಕ್ಕೆ ಬಂತು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಅದು ಕಬ್ಬಿಣ, ಕಲ್ಲು, ಮನುಷ್ಯ ಯಾರನ್ನೂ ಬಿಡುವುದಿಲ್ಲ. ಅಳತೆಯಲ್ಲಿ ಏನೇ ವಿಚಿತ್ರ ಕಂಡರೂ ನಾನು ಮೊದಲು ಬಿಸಿಲಿನ ಮೇಲೆ ಹಾಕುತ್ತಿದ್ದೆ, ಮುಕ್ಕಾಲು ಪಾಲು ಸರಿಯೇ ಆಗುತ್ತಿತ್ತು. ಒಂದೇ ಒಂದು ಕಡೆ ಅದು ನನ್ನನ್ನು ಪೂರಾ ದಿಕ್ಕು ತಪ್ಪಿಸಿತು. ಅದನ್ನೇ ಹೇಳಬೇಕೆಂದಿದ್ದೇನೆ.

ಅದಕ್ಕೂ ಮೊದಲು ಇನ್ನೊಂದು ಸಣ್ಣ ಪ್ರಸಂಗ. ಅಫಜಲಪುರ ರಸ್ತೆಯ ಒಂದು ಹೊಸ ಸೇತುವೆಗೆ ಭಾರದ ಪರೀಕ್ಷೆ ನಡೆದಿತ್ತು. ಮೇಲೆ ಮರಳು ತುಂಬಿದ ಲಾರಿಗಳನ್ನು ನಿಲ್ಲಿಸುವುದು, ಕೆಳಗೆ ಹಳ್ಳದಲ್ಲಿ ಒಂದು ಗಳ ನೆಟ್ಟು ಅದರ ತುದಿಗೆ ಗಡಿಯಾರದಂಥ ಅಳತೆ ಯಂತ್ರ ಕಟ್ಟಿ ಸೇತುವೆ ಎಷ್ಟು ಬಾಗಿತೆಂದು ನೋಡುವುದು. ಲಾರಿಗಳು ನಿಂತವು. ಯಂತ್ರದ ಮುಳ್ಳು ಸೇತುವೆ ಮೇಲಕ್ಕೆ ಎದ್ದಿದೆ ಎಂದು ತೋರಿಸಿತು. ಭಾರ ಹಾಕಿದರೆ ಮೇಲಕ್ಕೇಳುವ ಸೇತುವೆಯನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಬಂದಿದ್ದ ದೊಡ್ಡ ಅಧಿಕಾರಿಗಳು ತಲೆ ಕೆಡಿಸಿಕೊಂಡು ಪುಸ್ತಕ ತೆಗೆದರು. ನಾನು ಕೆಳಗಿಳಿದು ನೋಡಿದರೆ ಒಂದು ಎಮ್ಮೆ ನಮ್ಮ ಗಳಕ್ಕೆ ಮೈ ತಿಕ್ಕುತ್ತ ನಿಂತಿತ್ತು. ಗಳ ವಾಲಿ ಯಂತ್ರ ಕೆಳಗೆ ಸರಿದಿತ್ತು. ಮೇಲೆ ನಿಂತವರಿಗೆ ಎಮ್ಮೆ ಕಾಣುತ್ತಿರಲಿಲ್ಲ. ಅವತ್ತು ನಕ್ಕು ಸುಮ್ಮನಾದೆವು. ಯಂತ್ರ ತೋರಿಸಿದ್ದು ಸುಳ್ಳಲ್ಲ, ಅದು ನಾವು ಕೇಳಿದ್ದಕ್ಕೆ ಉತ್ತರ ಹೇಳಿರಲಿಲ್ಲ ಅಷ್ಟೇ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ನಡುವೆ ಭೀಮೆಯ ಮೇಲಿದ್ದ ಒಂದು ಹಳೆಯ ಸೇತುವೆ ನನ್ನ ಸುಪರ್ದಿಗೆ ಬಂತು. ಊರಿನ ಹೆಸರು ಬೇಡ. ಎರಡು ಕಂಬಗಳ ನಡುವಿನ ಭಾಗಕ್ಕೆ ನಾವು ಸ್ಪ್ಯಾನ್ ಅನ್ನುತ್ತೇವೆ. ಒಂದೊಂದು ಸ್ಪ್ಯಾನೂ ಒಂದು ತುದಿಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಇನ್ನೊಂದು ತುದಿಯಲ್ಲಿ ಉಕ್ಕಿನ ರೋಲರುಗಳ ಮೇಲೆ ಕೂತಿರುತ್ತದೆ. ಬೇಸಿಗೆಯಲ್ಲಿ ಕಾಂಕ್ರೀಟು ಕಾದು ಉದ್ದವಾದಾಗ ಆ ತುದಿ ರೋಲರುಗಳ ಮೇಲೆ ಬೆರಳಗಲದಷ್ಟು ಮುಂದೆ ಸರಿಯುತ್ತದೆ. ಸಂಜೆಗೆ ತಣ್ಣಗಾಗುತ್ತ ಹಿಂದೆ ಬರುತ್ತದೆ. ಸೇತುವೆ ಉಸಿರಾಡುವುದು ಹೀಗೆ.

ಆ ಸೇತುವೆಗೆ ಹೊಸ ಬಗೆಯ ಅಳತೆ ಕೂಡಿಸಲು ಬಂದವಳು ಅರ್ಚನಾ. ಜೇವರ್ಗಿಯ ಹುಡುಗಿ, ಕಲಬುರಗಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕಿ. ತಲೆಗೂದಲಿಗಿಂತ ಸ್ವಲ್ಪ ದಪ್ಪನಾದ ಗಾಜಿನ ಎಳೆಗಳನ್ನು, ಅಂದರೆ ಆಪ್ಟಿಕಲ್ ಫೈಬರನ್ನು, ಪ್ರತಿ ಸ್ಪ್ಯಾನಿನ ತೊಲೆಯ ಅಡಿಗೆ ಗೀರು ಕೊರೆದು ಅಂಟಿಸಿದಳು. ಒಂದು ತುದಿಯಿಂದ ಲೇಸರ್ ಬೆಳಕು ಬಿಟ್ಟು ಇನ್ನೊಂದು ತುದಿಯಲ್ಲಿ ನೋಡುವುದು. ಇದರಿಂದ ಏನು ತಿಳಿಯುತ್ತದೆ ಎಂದು ನಾನು ಕೇಳಿದಾಗ ಅವಳು ಸೇತುವೆಯ ಕಟಕಟೆಗೆ ಒಂದು ಹಗ್ಗದ ತುದಿ ಕಟ್ಟಿ ಇನ್ನೊಂದು ತುದಿಯನ್ನು ಹಿಡಿದು ಅಲ್ಲಾಡಿಸಿ ತೋರಿಸಿದಳು. ಹಗ್ಗವನ್ನು ಮೇಲೆ ಕೆಳಗೆ ಅಲ್ಲಾಡಿಸಿದರೆ ಒಂದು ಬಗೆಯ ಅಲೆ, ಎಡ ಬಲ ಅಲ್ಲಾಡಿಸಿದರೆ ಇನ್ನೊಂದು ಬಗೆ. ಬೆಳಕೂ ಹೀಗೇ ಒಂದು ದಿಕ್ಕಿನಲ್ಲಿ ಕಂಪಿಸುತ್ತ ಹೋಗಬಲ್ಲದು. ಆ ದಿಕ್ಕಿನ ಸಂಗತಿಗೆ ಧ್ರುವೀಕರಣ ಎಂದು ಹೆಸರು. ಅವಳ ಎಳೆಯೊಳಗೆ ಬೆಳಕು ಎರಡು ದಿಕ್ಕಿನಲ್ಲೂ ಕಂಪಿಸುತ್ತ ಹೋಗುತ್ತಿತ್ತು, ಒಂದು ಸ್ವಲ್ಪ ಮುಂದೆ, ಒಂದು ಸ್ವಲ್ಪ ಹಿಂದೆ. ಎಳೆಯನ್ನು ಯಾರಾದರೂ ಎಳೆದರೆ ಈ ಹಿಂದುಮುಂದಿನ ಅಂತರ ಬದಲಾಗುತ್ತದೆ, ಕೊನೆಯಲ್ಲಿ ನಿಂತು ನೋಡುವವರಿಗೆ ಬೆಳಕು ಮಂಕಾಗುತ್ತ ಮತ್ತೆ ಬೆಳಗುತ್ತ ಕಾಣುತ್ತದೆ. ಆ ಮಂಕು ಬೆಳಗನ್ನು ಲೆಕ್ಕ ಹಾಕಿದರೆ ತೊಲೆ ಎಷ್ಟು ಹಿಗ್ಗಿತು, ಎಷ್ಟು ಬಾಗಿತು ಎಂದು ಪರದೆಯ ಮೇಲೆ ಒಂದು ಗೆರೆಯಾಗಿ ಬರುತ್ತದೆ.

ಚಳಿಗಾಲದಲ್ಲಿ ಎಲ್ಲ ಚೆನ್ನಾಗಿತ್ತು. ಬಸ್ಸು ಹೋದರೆ ಗೆರೆ ಒಮ್ಮೆ ಜಿಗಿದು ಇಳಿಯುತ್ತಿತ್ತು. ಕಬ್ಬಿನ ಲಾರಿ ಹೋದರೆ ಇನ್ನಷ್ಟು. ನಾನು ಮಕ್ಕಳಂತೆ ನೋಡುತ್ತ ನಿಲ್ಲುತ್ತಿದ್ದೆ.

ಬೇಸಿಗೆ ಬಂದಿತು. ಒಂದು ಮಧ್ಯಾಹ್ನ ಅರ್ಚನಾ ಕಲಬುರಗಿಯಿಂದ ಫೋನು ಮಾಡಿದಳು. ಸೇತುವೆಯ ಅಳತೆ ಅವಳ ಕಾಲೇಜಿನ ಪರದೆಗೂ ಹೋಗುತ್ತಿತ್ತು. ಎಲ್ಲ ಸ್ಪ್ಯಾನುಗಳ ಗೆರೆಯೂ ಏರುತ್ತಿದೆ, ಅಪಾಯದ ಮಟ್ಟ ಎಂದು ನಾವು ಗುರುತಿಸಿದ್ದನ್ನು ದಾಟಿದೆ, ಗಾಡಿ ಹೋದಾಗ ಬರುವ ಜಿಗಿತ ಒಂದೂ ಇಲ್ಲ ಅಂದಳು. ನಾನು ಓಡಿಹೋದೆ. ಸೇತುವೆ ನಿನ್ನೆ ಇದ್ದ ಹಾಗೇ ಇತ್ತು. ಕೆಳಗಿಳಿದು ನೋಡಿದೆ, ಹೊಸ ಬಿರುಕಿಲ್ಲ. ಕಾರ್ಯಪಾಲಕ ಎಂಜಿನಿಯರು ಮಲ್ಲಿನಾಥ ಸರ್ ಅವರಿಗೆ ಫೋನು ಮಾಡಿದೆ. ಸ್ಥಳದಲ್ಲಿರುವವರು ನೀವು, ನೀವೇ ನಿರ್ಧಾರ ಮಾಡಿ ಅಂದರು. ಕಣ್ಣಿಗೆ ಕಾಣುವುದನ್ನು ನಂಬಬೇಕೋ ಪರದೆಯ ಗೆರೆಯನ್ನು ನಂಬಬೇಕೋ ತಿಳಿಯಲಿಲ್ಲ. ಒಂದು ವೇಳೆ ನಂಬದೆ ಬಿಟ್ಟು, ಬಸ್ಸು ಹೋಗುವಾಗ ಏನಾದರೂ ಆದರೆ? ಸೇತುವೆಗೆ ಅಡ್ಡ ಕಲ್ಲು ಇಡಿಸಿದೆ. ನಡೆದು ಹೋಗುವವರನ್ನು ಮಾತ್ರ ಬಿಟ್ಟೆ.

ಮೊದಲು ಬಂದು ನಿಂತದ್ದು ಜೇವರ್ಗಿಗೆ ಹೋಗುವ ಸರಕಾರಿ ಬಸ್ಸು. ಚಾಲಕ ಕಾಶೀನಾಥ ಆ ದಾರಿಯಲ್ಲಿ ಎಷ್ಟೋ ವರ್ಷಗಳಿಂದ ಬಸ್ಸು ಓಡಿಸುತ್ತಿದ್ದವನು, ನನಗೆ ಮುಖಪರಿಚಯ. ಬಸ್ಸು ತುಂಬ ಸಂತೆಯಿಂದ ಮರಳುವ ಮಂದಿ, ಕಾಲೇಜಿನ ಹುಡುಗಿಯರು. ಸುತ್ತು ದಾರಿ ಹಿಡಿದರೆ ಮನೆ ಮುಟ್ಟುವಷ್ಟರಲ್ಲಿ ದಿನವೇ ಮುಗಿಯುತ್ತದೆ. ಅವನು ಇಳಿದು ಬಂದು ಕಲ್ಲುಗಳನ್ನು ನೋಡಿದ, ನಡೆದು ಹೋಗುವ ಜನರನ್ನು ನೋಡಿದ.

“ಗಟ್ಟಿ ಅದನೋ ಇಲ್ಲೋ, ಒಂದೇ ಮಾತು ಹೇಳ್ರಿ ಮೇಡಂ. ಗಟ್ಟಿ ಇಲ್ಲಂದ್ರ ಈ ಮಂದಿನ ಯಾಕ ಬಿಟ್ಟೀರಿ? ಗಟ್ಟಿ ಅದ ಅಂದ್ರ ನನ್ನ ಬಸ್ ಯಾಕ ತಡದೀರಿ?”

ಬಸ್ಸಿನ ತೂಕ, ಮನುಷ್ಯನ ತೂಕ ಎಂದು ಏನೋ ಹೇಳಲು ಹೋದೆ. ಅವನು ಕೇಳಿದ್ದು ಅದಲ್ಲ ಎಂದು ನನಗೇ ಗೊತ್ತಿತ್ತು. ಅವನು ಬಸ್ಸು ತಿರುಗಿಸಿದ.

ಸಂಜೆಯಾಗುತ್ತ ಗೆರೆಗಳು ತಾವಾಗಿಯೇ ಇಳಿದವು. ಮರುದಿನ ಮಧ್ಯಾಹ್ನ ಮತ್ತೆ ಏರಿದವು. ಹೀಗೆ ದಿನಗಳು ಹೋದವು. ಹಾಲಿನವರು ಕ್ಯಾನುಗಳನ್ನು ತಲೆಯ ಮೇಲೆ ಹೊತ್ತು ದಾಟಿದರು. ಹಾದಿಯಲ್ಲಿ ಸಿಕ್ಕವರು ನನಗೆ ನಮಸ್ಕಾರ ಮಾಡುವುದನ್ನು ಬಿಟ್ಟರು.

ಆಮೇಲೆ ಅರ್ಚನಾ ನನ್ನನ್ನು ಅವಳ ಕಾಲೇಜಿನ ಪ್ರಯೋಗಾಲಯಕ್ಕೆ ಕರೆದಳು. ಮೇಜಿನ ಮೇಲೆ ಒಂದು ಅಗಲ ತಟ್ಟೆಯಲ್ಲಿ ನೀರು, ಕೆಳಗೆ ವಿದ್ಯುತ್ ಒಲೆ. ನೀರಿನಲ್ಲಿ ಅದೇ ಗಾಜಿನ ಎಳೆಯ ಒಂದು ಸುರುಳಿ ಸಡಿಲವಾಗಿ ಬಿದ್ದಿತ್ತು. ಅದನ್ನು ಯಾರೂ ಹಿಡಿದಿರಲಿಲ್ಲ, ಯಾರೂ ಎಳೆದಿರಲಿಲ್ಲ. ನೀರು ಬೆಚ್ಚಗಾಗುತ್ತ ಹೋದಂತೆ ಗೋಡೆಯ ಮೇಲಿನ ಬೆಳಕಿನ ಚುಕ್ಕೆ ಮಂಕಾಯಿತು, ಬೆಳಗಿತು, ಮತ್ತೆ ಮಂಕಾಯಿತು, ಮತ್ತೆ ಬೆಳಗಿತು. ಸೇತುವೆಯ ಮೇಲೆ ಲಾರಿಗಳ ಸಾಲು ಹೋದರೂ ಅಷ್ಟು ಬದಲಾಗುತ್ತಿರಲಿಲ್ಲ.

“ನಾ ಎಳದೇ ಇಲ್ಲ ಮೇಡಂ, ಬರೀ ಬಿಸಿ ಮಾಡೀನಿ” ಅಂದಳು ಅರ್ಚನಾ. ಅವಳ ಕಣ್ಣುಗಳು ಕೆಂಪಾಗಿದ್ದವು.

ಅವಳು ವಿವರಿಸಿದ್ದು ನನಗೆ ತಿಳಿದಷ್ಟು ಹೀಗಿದೆ. ಆ ಎಳೆಯ ನಡುವಿನ ದಾರಿಯಲ್ಲಿ ಬೆಳಕು ಹೋಗುತ್ತದೆ. ದಾರಿಯ ಎರಡೂ ಪಕ್ಕದಲ್ಲಿ ಬೇರೆ ಜಾತಿಯ ಗಾಜಿನ ಎರಡು ಕಡ್ಡಿಗಳಿರುತ್ತವೆ. ಕುಲುಮೆಯಿಂದ ಎಳೆದು ತಣಿಸುವಾಗ ಆ ಕಡ್ಡಿಗಳು ಉಳಿದ ಗಾಜಿಗಿಂತ ಹೆಚ್ಚು ಕುಗ್ಗಿ ನಡುವಿನ ದಾರಿಯನ್ನು ಬಿಗಿಯಾಗಿ ಸೆಳೆದು ಹಿಡಿಯುತ್ತವೆ. ಹುಟ್ಟಿದಾಗಿನಿಂದ ಆ ಗಾಜು ಸೆಳೆತದಲ್ಲೇ ಇರುತ್ತದೆ. ಆ ಸೆಳೆತದಿಂದಲೇ ಬೆಳಕಿಗೆ ಎರಡು ದಿಕ್ಕು, ಎರಡು ವೇಗ. ಬಿಸಿ ತಾಗಿದರೆ ಸೆಳೆತ ಸ್ವಲ್ಪ ಸಡಿಲಾಗುತ್ತದೆ, ಅಂತರ ಬದಲಾಗುತ್ತದೆ. ಹೊರಗಿನಿಂದ ಯಾರೋ ಎಳೆದರೂ ಬದಲಾಗುತ್ತದೆ. ಕೊನೆಯಲ್ಲಿ ನಿಂತು ನೋಡುವ ಬೆಳಕಿಗೆ ಎರಡೂ ಒಂದೇ. ಅರ್ಚನಾಗೆ ಇದು ಗೊತ್ತಿಲ್ಲದ ವಿಷಯವಲ್ಲ. ತಣ್ಣನೆಯ ಕೋಣೆಯಲ್ಲಿ ಪರೀಕ್ಷೆ ಮಾಡಿ, ಅದಕ್ಕೊಂದು ಸಣ್ಣ ತಿದ್ದುಪಡಿ ಇಟ್ಟುಕೊಂಡಿದ್ದಳು. ನಮ್ಮ ಬೇಸಿಗೆಯ ತೊಲೆ ಎಷ್ಟು ಕಾಯುತ್ತದೆ ಎಂಬುದು ಮಾತ್ರ ಅವಳ ಅಂದಾಜಿಗೆ ಸಿಕ್ಕಿರಲಿಲ್ಲ.

ಕಲ್ಲು ತೆಗೆಸಿದೆ. ಬಸ್ಸುಗಳು ಓಡಿದವು. ಗಾಜಿಗೆ ಬಿಸಿಲು ಹತ್ತಿದ್ದಕ್ಕೆ ರಸ್ತೆ ಬಂದ್ ಮಾಡಿದ ಮೇಡಂ ಎಂದು ನನಗೆ ಹೆಸರು ಬಿತ್ತು. ಮಲ್ಲಿನಾಥ ಸರ್ ಸಭೆಯೊಂದರಲ್ಲಿ ಇದನ್ನೇ ಹೇಳಿ ಎಲ್ಲರನ್ನೂ ನಗಿಸಿದರು. ನಾನೂ ನಕ್ಕೆ. ಗುರುಲಿಂಗಪ್ಪ ಸಾಹೇಬರು ಮೊದಲ ವರ್ಷವೇ ಕಲಿಸಿದ್ದನ್ನು ಕೊನೆಯ ವರ್ಷಗಳಲ್ಲಿ ಮರೆತೆನಲ್ಲ ಎಂದು ಬೇಸರವಾಗಿತ್ತು. ಇನ್ನು ಮುಂದೆ ಬಿಸಿಲಿನ ಮಾತು ಮೊದಲು ಎಂದು ಗಟ್ಟಿ ಮಾಡಿಕೊಂಡೆ.

ಅರ್ಚನಾ ಕೈಬಿಡಲಿಲ್ಲ. ಅಂಟಿಸಿದ ಪ್ರತಿ ಎಳೆಯ ಪಕ್ಕದಲ್ಲಿ ಇನ್ನೊಂದು ಎಳೆಯನ್ನು ಸಣ್ಣ ಕೊಳವೆಯೊಳಗೆ ಸಡಿಲವಾಗಿ ಬಿಟ್ಟಳು. ಅದಕ್ಕೆ ಬಿಸಿ ತಾಗುತ್ತದೆ, ತೊಲೆಯ ಎಳೆತ ತಾಗುವುದಿಲ್ಲ. ಅಂಟಿದ ಎಳೆ ಹೇಳಿದ್ದರಲ್ಲಿ ಸಡಿಲ ಎಳೆ ಹೇಳಿದ್ದನ್ನು ಕಳೆದರೆ ಉಳಿಯುವುದು ತೊಲೆಯ ಮಾತು ಎಂಬುದು ಅವಳ ಲೆಕ್ಕ. ಮುಂದಿನ ಬೇಸಿಗೆಗೆ ಗೆರೆಗಳು ಬಹಳ ಮಟ್ಟಿಗೆ ತಣ್ಣಗಾದವು. ಆದರೂ ಪೂರಾ ನೆಟ್ಟಗಾಗಲಿಲ್ಲ. ಬಿಸಿಲೇರಿದ ಮೇಲೆ ನಿಧಾನಕ್ಕೆ ಸ್ವಲ್ಪ ಏರಿ, ಸೂರ್ಯ ಇಳಿದ ಮೇಲೆ ನಿಧಾನಕ್ಕೆ ಇಳಿಯುತ್ತಿದ್ದವು. ಜೇವರ್ಗಿ ಕಡೆಯಿಂದ ಮೂರನೆಯ ಸ್ಪ್ಯಾನಿನ ಗೆರೆಯೊಂದೇ ಇಡೀ ದಿನ ಹಾಸಿದಂತೆ ನೆಟ್ಟಗಿರುತ್ತಿತ್ತು.

ಅರ್ಚನಾಗೆ ಆ ಗೆರೆಯ ಮೇಲೆ ಬಹಳ ಅಭಿಮಾನ. ಅದು ಅವಳು ಕೊನೆಯಲ್ಲಿ ಕೂಡಿಸಿದ ಜೋಡಿ, ಕೈ ಪಳಗಿದ ಮೇಲೆ ಮಾಡಿದ್ದು. ಉಳಿದವುಗಳಲ್ಲಿ ಬಿಸಿಲಿನ ಅಂಶ ಇನ್ನೂ ಸ್ವಲ್ಪ ಉಳಿದಿದೆ, ಅಂಟಿದ ಎಳೆಗೆ ತೊಲೆಯ ಬಿಸಿ, ಸಡಿಲ ಎಳೆಗೆ ಗಾಳಿಯ ಬಿಸಿ, ಎರಡೂ ಒಂದೇ ಅಲ್ಲ, ಅದಕ್ಕೇ ಹೀಗೆ, ಮೂರನೆಯದು ಮಾತ್ರ ನಿಖರವಾಗಿ ಕೂತಿದೆ ಎಂದು ಹೇಳುತ್ತಿದ್ದಳು. ಒಂದು ವಿಚಾರಗೋಷ್ಠಿಯಲ್ಲಿ ಅದನ್ನೇ ತೋರಿಸಿ ಬಂದಳು. ನಾನೂ ಚಪ್ಪಾಳೆ ತಟ್ಟಿದೆ. ಮಾತೆತ್ತಿದರೆ ಬಿಸಿಲು ಎಂದುಕೊಳ್ಳುವುದು ನನಗೂ ಹಿತವಾಗಿತ್ತು.

ಆದರೆ ಮನಸ್ಸಿಗೆ ಏನೋ ಕೂಡಿಬರಲಿಲ್ಲ. ಒಂದು ಸಂಜೆ ಆ ಮೂರನೆಯ ಸ್ಪ್ಯಾನಿನ ಕಟಕಟೆಗೆ ಒರಗಿ ನಿಂತಿದ್ದೆ. ಗಾಳಿ ತಣ್ಣಗಾಗಿತ್ತು, ಕಾಂಕ್ರೀಟು ಮಾತ್ರ ಒಲೆಯ ಮೇಲಿಂದ ಇಳಿಸಿದ ಹಂಚಿನಂತೆ ಬೆನ್ನಿಗೆ ಸುಡುತ್ತಿತ್ತು. ಇಷ್ಟು ಕಾದ ಕಾಂಕ್ರೀಟು ಉದ್ದವಾಗದೆ ಇರುತ್ತದೆಯೇ? ಉದ್ದವಾದರೆ ಅಂಟಿದ ಎಳೆಯೂ ಜೊತೆಗೆ ಹಿಗ್ಗಬೇಕಲ್ಲ? ಗಾಜಿನ ಸ್ವಂತ ಬಿಸಿಯನ್ನು ಕಳೆದ ಮೇಲೆ ಗೆರೆ ಸ್ವಲ್ಪವಾದರೂ ಏರಲೇಬೇಕಲ್ಲ? ಹಾಗಾದರೆ ಏರಿ ಇಳಿಯುವ ಗೆರೆಗಳು ತಪ್ಪು ಲೆಕ್ಕವಲ್ಲ, ಆ ಸ್ಪ್ಯಾನುಗಳು ಉಸಿರಾಡುತ್ತಿವೆ. ನೆಟ್ಟಗೆ ಮಲಗಿರುವ ಗೆರೆ?

ಅರ್ಚನಾಗೆ ಫೋನು ಮಾಡಿ ಕೇಳಿದೆ. ಹೋದ ವರ್ಷ ಗೆರೆ ಏರಿದ್ದಕ್ಕೆ ಅಂಜಿದಿರಿ, ಈ ವರ್ಷ ಏರದೆ ಇದ್ದದ್ದಕ್ಕೆ ಅಂಜುತ್ತೀರಿ ಅಂದಳು. ಅವಳ ಮಾತಿನಲ್ಲಿ ಸಿಟ್ಟಿತ್ತು, ಸಿಟ್ಟಿಗೆ ಕಾರಣವೂ ಇತ್ತು. ಅವಳ ಲೆಕ್ಕವೂ ತಪ್ಪಿರಲಿಲ್ಲ. ತೊಲೆಯ ಬಿಸಿಗೂ ಗಾಳಿಯ ಬಿಸಿಗೂ ವ್ಯತ್ಯಾಸ ಇರುವುದು ನಿಜ, ಸಂಜೆ ಹೊತ್ತಿಗೆ ಅದು ಜಾಸ್ತಿಯಾಗುವುದೂ ನಿಜ. ಏರುವ ಗೆರೆಗಳಲ್ಲಿ ಗಾಜು ಎಷ್ಟು, ಕಾಂಕ್ರೀಟು ಎಷ್ಟು ಎಂದು ಬಿಡಿಸಿ ಹೇಳಲು ಅವಳಿಗೂ ಆಗಲಿಲ್ಲ, ನನಗೂ ಆಗಲಿಲ್ಲ. ಕೆಲವು ದಿನ ಬೆಳಿಗ್ಗೆ ಅವಳು ಹೇಳಿದ್ದೇ ಸರಿ ಅನ್ನಿಸುತ್ತಿತ್ತು, ಸಂಜೆಗೆ ನನ್ನ ಅನುಮಾನವೇ ಸರಿ ಅನ್ನಿಸುತ್ತಿತ್ತು. ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಊಟಕ್ಕೆ ಕೂತಾಗ ರೊಟ್ಟಿ ಮುರಿದು ಕೈಯಲ್ಲೇ ಹಿಡಿದು ಕೂತಿರುತ್ತಿದ್ದೆನೆಂದು ನಮ್ಮವರು ಹೇಳುತ್ತಾರೆ.

ಕೊನೆಗೆ ಬೆಳಕಿನ ವಿಷಯ ಬೆಳಕಿಗೆ ಬಿಟ್ಟೆ. ಸ್ಪ್ಯಾನ್ ಸರಿಯುತ್ತಿದೆಯೋ ಇಲ್ಲವೋ ಎಂದು ರೋಲರನ್ನೇ ಹೋಗಿ ನೋಡೋಣ ಅನ್ನಿಸಿತು. ಕಂಬಗಳ ತಲೆಯವರೆಗೆ ಹೋಗುವ ಯಂತ್ರದ ಗಾಡಿ ಕೇಳಿದೆ. ಮಲ್ಲಿನಾಥ ಸರ್, ಹೋದ ವರ್ಷದ್ದೇ ಸಾಕು ಮೇಡಂ, ನಿವೃತ್ತಿಗೆ ಹತ್ತಿರ ಬಂದಿದ್ದೀರಿ, ಸುಮ್ಮನಿರಿ ಅಂದರು. ಅವರು ಕೆಟ್ಟವರಲ್ಲ. ಎರಡನೇ ಸಲ ನಗೆಗೀಡಾಗುವುದು ಯಾರಿಗೂ ಬೇಕಿರಲಿಲ್ಲ.

ಹೊಳೆಯಲ್ಲಿ ನೀರು ಕಡಿಮೆ ಇತ್ತು. ಮೀನು ಹಿಡಿಯುವವರೊಬ್ಬರ ದೋಣಿಯಲ್ಲಿ ಕಂಬದಿಂದ ಕಂಬಕ್ಕೆ ಹೋಗಿ, ನಮ್ಮ ರಸ್ತೆ ಕೆಲಸದ ಗ್ಯಾಂಗಿನವರು ಹಿಡಿದ ಏಣಿ ಹತ್ತಿದೆ. ಆ ವಯಸ್ಸಿನಲ್ಲಿ ಸೀರೆ ಎತ್ತಿ ಕಟ್ಟಿ, ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಹತ್ತಬೇಕಾಯಿತು. ಮುಂಜಾನೆಯ ತಂಪಿನಲ್ಲಿ ಪ್ರತಿ ಸ್ಪ್ಯಾನಿನ ರೋಲರಿನ ಮೇಲೂ ಅದರ ಕೆಳಗಿನ ತಟ್ಟೆಯ ಮೇಲೂ ಹಾಯುವಂತೆ ಒಂದೇ ನೆಟ್ಟನೆಯ ಬಿಳಿ ಬಣ್ಣದ ಗೆರೆ ಎಳೆದೆ. ರೋಲರು ಉರುಳಿದರೆ ಗೆರೆ ಮುರಿದು ಎರಡು ತುಂಡಾಗಿ ಪಕ್ಕಕ್ಕೆ ಸರಿಯುತ್ತದೆ. ಉರುಳದಿದ್ದರೆ ಹಾಗೇ ಇರುತ್ತದೆ.

ಇಳಿಹೊತ್ತಿಗೆ ಮತ್ತೆ ಹತ್ತಿ ನೋಡಿದೆ. ಬೇರೆ ಕಂಬಗಳ ಮೇಲೆ ಗೆರೆ ಮುರಿದಿತ್ತು. ಮೂರನೆಯದರ ಮೇಲೆ ಬೆಳಿಗ್ಗೆ ಎಳೆದ ಗೆರೆ ಕೂದಲಷ್ಟೂ ಅಲುಗದೆ ನೆಟ್ಟಗಿತ್ತು. ಮರುದಿನವೂ ಹಾಗೇ. ಬ್ಯಾಟರಿ ಹಾಕಿ ನೋಡಿದೆ. ವರ್ಷಗಳ ಧೂಳು, ಹಕ್ಕಿಗೂಡಿನ ಕಸ, ತುಕ್ಕು ಎಲ್ಲ ಸೇರಿ ರೋಲರು ಕಲ್ಲಾಗಿತ್ತು. ಅದರ ಕೆಳಗೆ ಕಂಬದ ತಲೆಯಲ್ಲಿ ಒಂದು ಸಣ್ಣ ಸೀಳು ಕಂಡಿತು. ಅದು ಹಳೆಯದೋ ಹೊಸದೋ, ಮೇಲಿನ ಗಾರೆಯದೋ ಒಳಗಿನದೋ ನೋಡಿದರೆ ತಿಳಿಯುವಂತಿರಲಿಲ್ಲ. ಪ್ರತಿ ಮಧ್ಯಾಹ್ನ ಆ ಸ್ಪ್ಯಾನು ಉದ್ದವಾಗಲು ಹವಣಿಸಿ, ಜಾಗ ಸಿಗದೆ ಕಂಬವನ್ನು ತಳ್ಳುತ್ತಿದೆ ಎಂಬುದು ಮಾತ್ರ ಸ್ಪಷ್ಟವಾಯಿತು. ಇಷ್ಟು ವರ್ಷ ತಡೆದ ಕಂಬ ಇನ್ನೂ ಎಷ್ಟು ತಡೆಯುತ್ತದೆ ಎಂದು ಹೇಳುವವರು ಯಾರು?

ಭಾರದ ಗಾಡಿಗಳಿಗೆ ಮತ್ತೆ ಕಲ್ಲು ಇಡಿಸಿದೆ. ಕಾಶೀನಾಥನ ಬಸ್ಸು ಬಂತು. ಅವನು ಎಂಜಿನ್ ಆರಿಸಿ ಇಳಿದ.

“ಹೋದ ವರ್ಷನೂ ಹಿಂಗ ಅಂದಿದ್ರಿ.”

“ಹೋದ ವರ್ಷ ನನಗ ಗೊತ್ತಿರ್ಲಿಲ್ಲಪ್ಪ. ಈ ವರ್ಷನೂ ಪೂರಾ ಗೊತ್ತಿಲ್ಲ. ಆದ್ರ ಈ ಸಲ ಕೆಳಗ ಹೋಗಿ ನೋಡ್ಕೊಂಡು ಬಂದೀನಿ” ಅಂದೆ.

ಅವನು ದಂಡೆಗೆ ಇಳಿದುಹೋದ. ಕಣ್ಣಿಗೆ ಕೈ ಅಡ್ಡ ಹಿಡಿದು ಮೂರನೆಯ ಸ್ಪ್ಯಾನಿನ ಕಡೆ ಬಹಳ ಹೊತ್ತು ನೋಡಿ ಮೇಲೆ ಬಂದ. ನನಗೇನೂ ಕಾಣವಲ್ದು ರಿ ಅಂದ. ಇಲ್ಲಿಂದ ನನಗೂ ಕಾಣುವುದಿಲ್ಲ ಅಂದೆ. ಅವನು ಒಳಗೆ ಹೋಗಿ ಮಂದಿಗೆ ಇಳಿಯಲು ಹೇಳಿದ. ಈ ಸಲ ಇಳಿದವರನ್ನೂ ಸೇತುವೆಯ ಮೇಲೆ ಗುಂಪಾಗಿ ಬಿಡದೆ ನಾಲ್ಕಾರು ಜನರಂತೆ ದಾಟಿಸಿದೆ. ಅವನೇ ಮುಂದೆ ನಿಂತು ಅವರನ್ನು ತಡೆದು ತಡೆದು ಬಿಟ್ಟ.

ಮಲ್ಲಿನಾಥ ಸರ್ ಸಿಟ್ಟಿನಿಂದಲೇ ಬಂದರು. ತಾವೇ ನಿಂತು ಕಲ್ಲು ತೆಗೆಸುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದರು. ನಾನು ವಾದ ಮಾಡಲಿಲ್ಲ. ದೋಣಿಗೆ ಕೂಡಿಸಿ ಮೊದಲು ನಾಲ್ಕನೆಯ ಕಂಬಕ್ಕೆ ಕರೆದೊಯ್ದು ಮುರಿದ ಗೆರೆ ತೋರಿಸಿದೆ, ಆಮೇಲೆ ಮೂರನೆಯದಕ್ಕೆ. ಅವರು ಏಣಿಯ ಮೇಲೆಯೇ ನಿಂತು ರೋಲರಿಗೆ ಕೈಯಿಟ್ಟು ತಿಕ್ಕಿದರು. ತುಕ್ಕಿನ ಪುಡಿ ಅವರ ಅಂಗಿಯ ತೋಳಿನ ಮೇಲೆ ಉದುರಿತು. ದಂಡೆ ಮುಟ್ಟಿದ ಮೇಲೆ ಜಾಕು ತರಿಸುವ ವ್ಯವಸ್ಥೆ ಮಾಡಿ ಅಂದರು.

ಜಾಕುಗಳು ಬಂದು ಆ ಸ್ಪ್ಯಾನನ್ನು ಎತ್ತುವ ದಿನ ಅರ್ಚನಾ ತನ್ನ ಪರದೆ ಹಿಡಿದುಕೊಂಡು ಬಂದಿದ್ದಳು. ನಮ್ಮಿಬ್ಬರ ನಡುವೆ ಆ ಫೋನಿನ ನಂತರ ಸರಿಯಾಗಿ ಮಾತಿರಲಿಲ್ಲ. ಅವಳು ದಂಡೆಯ ಮೇಲೆ ಕೊಡೆಯ ನೆರಳಲ್ಲಿ ಕೂತಳು, ನಾನು ಪಕ್ಕದಲ್ಲಿ ನಿಂತೆ. ಬಿಸಿಲು ಚೆನ್ನಾಗಿ ಏರಿತ್ತು. ಪರದೆಯ ಮೇಲೆ ಎಲ್ಲ ಗೆರೆಗಳೂ ಮೇಲೆ ಹೋಗಿದ್ದವು, ಮೂರನೆಯದು ಕೆಳಗೆ ಒಂಟಿಯಾಗಿ ಮಲಗಿತ್ತು. ಜಾಕಿನ ತಲೆಯ ಮೇಲೆ ಜಾರುವ ತಟ್ಟೆಯಿಟ್ಟು, ಕೂದಲಷ್ಟು ಕೂದಲಷ್ಟೇ ಎತ್ತುತ್ತಿದ್ದರು. ತೊಲೆಯ ಭಾರ ರೋಲರಿನಿಂದ ಬಿಟ್ಟ ಕ್ಷಣದಲ್ಲಿ, ಕಬ್ಬಿಣದ ಮಂಚವನ್ನು ಕಲ್ಲುಹಾಸಿನ ಮೇಲೆ ಎಳೆದಂಥ ಸಪ್ಪಳ ಹೊಳೆಯುದ್ದಕ್ಕೂ ಹರಿಯಿತು. ಕಂಬದ ಮೇಲಿದ್ದವರು ಕೈ ಎತ್ತಿ ನಿಂತರು. ಅಷ್ಟು ದೊಡ್ಡ ಕಾಂಕ್ರೀಟು ಬೆರಳಗಲದಷ್ಟು ಮುಂದೆ ಸರಿದಿತ್ತು.

ಎಳೆಯ ತುದಿಯ ಬೆಳಕಿನ ಚುಕ್ಕೆ ಮಂಕಾಗಿ ಬೆಳಗಿ, ಮಂಕಾಗಿ ಬೆಳಗಿ, ಕಣ್ಣಿಗೆ ಲೆಕ್ಕ ಸಿಗದಷ್ಟು ಬೇಗ ಮಿನುಗಿ ನಿಂತಿತು. ಪರದೆಯ ಮೂರನೆಯ ಗೆರೆ ಎದ್ದು ಉಳಿದವುಗಳ ಪಕ್ಕಕ್ಕೆ ಹೋಗಿ ಸೇರಿತು.

ಅರ್ಚನಾ ಅದನ್ನು ನೋಡುತ್ತಲೇ ಇದ್ದಳು. “ಅಷ್ಟು ಮಂದಿ ಮುಂದ ಇದನ್ನೇ ಛಲೋ ಅದ ಅಂತ ತೋರ್ಸಿ ಬಂದೀನಿ ಮೇಡಂ” ಅಂದಳು, ಬಹಳ ಸಣ್ಣ ದನಿಯಲ್ಲಿ. ನಾನೂ ಚಪ್ಪಾಳೆ ತಟ್ಟಿದ್ದೆನಲ್ಲ ಅಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಏರುವ ಗೆರೆಗಳಲ್ಲಿ ಗಾಜು ಎಷ್ಟು, ಕಾಂಕ್ರೀಟು ಎಷ್ಟು ಎಂಬುದನ್ನು ಅವಳು ಈಗಲೂ ಬಿಡಿಸುತ್ತಿದ್ದಾಳೆ. ಮೊನ್ನೆ ಮಾತಾಡಿದಾಗ ಇನ್ನೂ ಸರಿಯಾಗಿ ಕೂಡಿಬಂದಿಲ್ಲ ಎಂದಳು.

ಕಂಬದ ತಲೆಯ ಗಾರೆ ಕೆತ್ತಿ ನೋಡಿದಾಗ ಆ ಸೀಳು ಒಳಗೆ ಕೈ ಹೋಗುವಷ್ಟು ಆಳಕ್ಕೆ ಹೋಗಿತ್ತು. ಒಳಗಿನ ಸರಳುಗಳು ಕಾಣುತ್ತಿದ್ದವು. ಇನ್ನೊಂದು ಬೇಸಿಗೆ ತಡೆಯುತ್ತಿತ್ತೋ ಇಲ್ಲವೋ ಎಂದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ರೋಲರು ಹೊಸದಾಯಿತು, ಕಂಬಕ್ಕೆ ಪಟ್ಟಿ ಕಟ್ಟಿ ಬಲಪಡಿಸಿದರು, ಬಸ್ಸುಗಳು ಓಡಿದವು.

ಕೆಲಸ ಮುಗಿದ ದಿನ ಮಲ್ಲಿನಾಥ ಸರ್ ಸೇತುವೆಯ ಮೇಲೆ ನನ್ನ ಜೊತೆ ನಡೆದು ಬಂದರು. ಅವರ ಮನಸ್ಸಿನಲ್ಲಿ ಹಳೆಯ ನಗೆ ಚುಚ್ಚುತ್ತಿತ್ತೆಂದು ಕಾಣುತ್ತದೆ.

“ಮೇಡಂ, ಹೋದ ವರ್ಷ ನೀವು ಬಂದ್ ಮಾಡಿದ್ದೂ ಬರೋಬ್ಬರಿನೇ ಆಯ್ತಲ್ಲ. ಈ ಕಂಬ ಆಗಲೂ ಹಿಂಗೇ ಇತ್ತು. ವರದಿಯೊಳಗ ಹಂಗ ಬರೀರಿ, ನಾ ಸಹಿ ಮಾಡ್ತೀನಿ.”

ಅವರು ಕೊಡುತ್ತಿದ್ದುದು ದೊಡ್ಡ ಮಾತು. ಒಂದು ಕ್ಷಣ ಆಸೆಯೂ ಆಯಿತು. ಆದರೆ ಹೋದ ವರ್ಷದ ಆ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿತ್ತು. ಎಲ್ಲ ಗೆರೆಗಳೂ ಏರಿದ್ದವು, ಅದರಲ್ಲಿ ಮೂರನೆಯದು ಎಲ್ಲಕ್ಕಿಂತ ಕಡಿಮೆ ಏರಿತ್ತು. ಅಪಾಯ ಇದ್ದ ಜಾಗವನ್ನು ನಾನು ತಿರುಗಿಯೂ ನೋಡಿರಲಿಲ್ಲ.

“ಅವತ್ತ ನಾ ಅಂಜಿದ್ದು ಗಟ್ಟಿ ಇದ್ದ ಸ್ಪ್ಯಾನುಗಳಿಗೆ ಸರ್” ಅಂದೆ.

ಅವರು ನಿಂತರು. “ಹಂಗಾದ್ರ ಬಂದ್ ಮಾಡಿದ್ದು ಬರೋಬ್ಬರಿ ಅಂತೀರೋ, ತಪ್ಪು ಅಂತೀರೋ?”

“ಗೊತ್ತಿಲ್ಲ ರಿ ಸರ್.”

ಜೇವರ್ಗಿ ಕಡೆಯಿಂದ ಬಸ್ಸೊಂದು ಬರುತ್ತಿತ್ತು. ನಾವು ಕಟಕಟೆಗೆ ಸರಿದು ಅದಕ್ಕೆ ದಾರಿ ಬಿಟ್ಟೆವು. ಅದು ಮೂರನೆಯ ಸ್ಪ್ಯಾನಿಗೆ ಬಂದಾಗ ಇಬ್ಬರೂ ನಮಗರಿವಿಲ್ಲದೆ ಕಾಲಡಿ ನೋಡಿಕೊಂಡೆವು. ಬಸ್ಸು ದಾಟಿ ಹೋಯಿತು.

“ನನಗೂ ಗೊತ್ತಿಲ್ಲ” ಅಂದರು ಮಲ್ಲಿನಾಥ ಸರ್. ನನ್ನ ಇಡೀ ನೌಕರಿಯಲ್ಲಿ ಮೇಲಧಿಕಾರಿಯೊಬ್ಬರ ಬಾಯಿಂದ ಆ ಮಾತು ಕೇಳಿದ್ದು ಅದೊಂದೇ ಸಲ.